ಫಿರಂಗಿ ಎಳೆದ ನೆಲ

1791ರ ಮೇ ತಿಂಗಳು. ಶ್ರೀರಂಗಪಟ್ಟಣ ಕಣ್ಣಳತೆಯಲ್ಲೇ ಇತ್ತು. ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ್ದೂ ಆಗಿತ್ತು. ಅಂಥ ಹೊತ್ತಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಕೋಟೆ ಒಡೆಯಲೆಂದೇ ತಂದಿದ್ದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಬೆಂಗಳೂರಿನ ಕಡೆ ಹಿಂದಿರುಗಿದ. ಅವನ ಬಳಿ ಮದ್ದು ಇತ್ತು, ಗುಂಡು ಇತ್ತು, ಸಿಪಾಯಿಗಳಿದ್ದರು. ಎಳೆಯುವ ಎತ್ತು ಇರಲಿಲ್ಲ. ಮುಂಗಾರಿನ ಮಳೆ, ಮೇವಿನ ಬರ, ರೋಗ ಮೂರೂ ಸೇರಿ ಅವನ ಎತ್ತುಗಳನ್ನು ದಾರಿಯುದ್ದಕ್ಕೂ ಮಲಗಿಸಿಬಿಟ್ಟಿದ್ದವು.

ಆ ಹಿಂದಿರುಗುವ ದಾರಿಯಲ್ಲಿ ಸಿಕ್ಕಿದ್ದು ಈಗಿನ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ. ಜೂನ್‌ನಲ್ಲಿ ಅದು ಇಂಗ್ಲಿಷರ ಕೈಸೇರಿತು. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ, ಮೂರು ದಿನ ಬಿಟ್ಟು 24ರಂದು ಹುತ್ರಿದುರ್ಗ ಬಿದ್ದವು. ಕೆಂಪೇಗೌಡರ ನವದುರ್ಗಗಳ ಸಾಲಿಗೆ ಸೇರಿಸಿ ನಮ್ಮ ಜನ ಹೇಳುವ ಬೆಟ್ಟಗಳಿವು. 1792ರ ಜನವರಿ ಕೊನೆಗೆ ದಂಡು ಹುಲಿಯೂರುದುರ್ಗದ ಆಸುಪಾಸಿನಲ್ಲಿ ನೆರೆಯಿತು. ಈ ಬಾರಿ ಎತ್ತುಗಳಿದ್ದವು. ಲಂಬಾಣಿಗಳು ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ತಂದು ಸುರಿದಿದ್ದರು. ಫೆಬ್ರವರಿ ಮೊದಲ ವಾರದಲ್ಲೇ ಸೈನ್ಯ ಶ್ರೀರಂಗಪಟ್ಟಣದ ಮುಂದೆ ನಿಂತಿತು. ಆ ತಿಂಗಳು ಮುಗಿಯುವುದರೊಳಗೆ ಟಿಪ್ಪು ಸಂಧಿಗೆ ಒಪ್ಪಿ, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. ಸುಮಾರು ಒಂಬತ್ತು ತಿಂಗಳ ಅಂತರದಲ್ಲಿ ಸೋಲು ಗೆಲುವಾಗಿ ತಿರುಗಿದ್ದಕ್ಕೆ ಕಾರಣ ಹಲವಿರಬಹುದು. ಅವುಗಳಲ್ಲಿ ದೊಡ್ಡದು ಎತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹತ್ತೊಂಬತ್ತನೇ ಶತಮಾನದ ಶಸ್ತ್ರಾಗಾರ ಎಂದರೆ ಸಾಮಾನ್ಯವಾಗಿ ಕಣ್ಣ ಮುಂದೆ ಬರುವುದು ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಒಳಗೆ ಸಾಲಾಗಿ ಪೇರಿಸಿದ ಕೋವಿ. ಮೈಸೂರು ಸೀಮೆಯಲ್ಲಿ ಅಂಥವೂ ಇದ್ದವು. ಬೆಂಗಳೂರು ಕೋಟೆಯೊಳಗೆ ಮದರಾಸು ಸೈನ್ಯದ ಶಸ್ತ್ರಾಗಾರವಿತ್ತು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರು ಫಿರಂಗಿ ಬಂಡಿ ತಯಾರಿಸುವ ಕಾರ್ಖಾನೆ ನಡೆಸಿದರು. ಹುಣಸೂರಿನಲ್ಲಿ ಕಮಿಸರಿಯಟ್ ಇಲಾಖೆ ಚರ್ಮ ಹದಮಾಡಿಸಿ ಸೈನ್ಯಕ್ಕೆ ಬೇಕಾದ ಸಾಮಾನು ಹೊಲಿಸುತ್ತಿತ್ತು, ಕಂಬಳಿ ನೇಯಿಸುತ್ತಿತ್ತು, ಮರ ಕೊಯ್ಯಿಸುತ್ತಿತ್ತು. ಇವೆಲ್ಲ ಗೋಡೆಯೊಳಗಿನ ಸಂಗತಿಗಳು. ಗೋಡೆಯಿಲ್ಲದ ಶಸ್ತ್ರಾಗಾರವೊಂದು ತುಮಕೂರು ಸೀಮೆಯ ಬಯಲಲ್ಲಿತ್ತು. ಹುಲ್ಲು ಮೇದು ಬೆಳೆದ ಎತ್ತು ಮತ್ತು ಲಾಯದಲ್ಲಿ ಹುಟ್ಟಿದ ಕುದುರೆ ಅದರ ಸರಕು. ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆಯ ಕಾವಲುಗಳು, ಅಂದರೆ ಮೀಸಲು ಮೇವಿನ ಬಯಲುಗಳು, ಮತ್ತು ಕುಣಿಗಲ್‌ನ ಕುದುರೆ ಫಾರಂ ಸೇರಿ ಸೈನ್ಯದ ಕಾಲುಗಳಾಗಿದ್ದವು. ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ಪಾಳೆಯಗಾರರ ಬಗ್ಗೆ, ಗುಡಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಕಾವಲಿನ ಬಗ್ಗೆ ಬರೆದದ್ದು ಕಡಿಮೆ.

ಆಗಿನ ಕೋಟೆ ಮುರಿಯುವ ಫಿರಂಗಿಯ ತೂಕ ತಿಳಿದರೆ ಎತ್ತಿನ ಬೆಲೆ ತಿಳಿಯುತ್ತದೆ. 24 ಪೌಂಡಿನ ಗುಂಡು ಹಾರಿಸುವ ಫಿರಂಗಿಯ ಕೊಳವೆಯೊಂದೇ ಎರಡು ಟನ್ ದಾಟುತ್ತಿತ್ತು. ಬಂಡಿಯ ತೂಕ ಬೇರೆ. ಅದಕ್ಕೆ ಹತ್ತಾರು ಜೊತೆ ಎತ್ತು ಹೂಡಬೇಕು. ಉಬ್ಬು ಸಿಕ್ಕಲ್ಲಿ, ಕೆಸರು ಸಿಕ್ಕಲ್ಲಿ ಆನೆಯಿಂದ ಹಿಂದಿನಿಂದ ನೂಕಿಸಬೇಕು. ಒಂದೊಂದು ಫಿರಂಗಿಯ ಹಿಂದೆ ಗುಂಡಿನ ಗಾಡಿ, ಮದ್ದಿನ ಗಾಡಿ, ಆ ಎತ್ತುಗಳ ಮೇವನ್ನೇ ಹೊತ್ತ ಮತ್ತಷ್ಟು ಎತ್ತು. ಊರೂರಿನಲ್ಲಿ ಬಾಡಿಗೆಗೆ ಹಿಡಿದ ಹೊಲದೆತ್ತು ಈ ಕೆಲಸಕ್ಕೆ ಒಗ್ಗುವುದಿಲ್ಲ. ನಾಲ್ಕು ದಿನ ನಡೆದು ಐದನೆಯ ದಿನ ಮಲಗುತ್ತದೆ. ಒಳ್ಳೆಯ ರಾಸಿಗೆ ತಳಿ ಬೇಕು, ನೆಲ ಬೇಕು, ಬೆಳೆಸುವ ಕೈ ಬೇಕು. ಮೂರನ್ನೂ ಒಟ್ಟಿಗೆ ಕಟ್ಟಿದ ವ್ಯವಸ್ಥೆಯೇ ಅಮೃತ ಮಹಲ್.

ಅದರ ಮೂಲ ಟಿಪ್ಪುವಿಗಿಂತ ಹಳೆಯದು. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದ ಪ್ರತಿನಿಧಿಗಳು ಸಾಕುತ್ತಿದ್ದ ದನದ ಹಿಂಡುಗಳು ಮೈಸೂರು ಒಡೆಯರ ಕೈಗೆ ಬಂದವು. ಚಿಕ್ಕದೇವರಾಜ ಒಡೆಯರು ಹಿಂಡನ್ನು ಬೆಳೆಸಿ, ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿದರು. ರಾಜ್ಯದ ಬೇರೆ ಬೇರೆ ಕಡೆ ಮೇವಿನ ನೆಲವನ್ನು ಕಾವಲು ಎಂದು ಗೊತ್ತುಮಾಡಿದರು. ಅರಮನೆಯ ಹಾಲಿನ ಹಿಂಡನ್ನು ಯುದ್ಧಕ್ಕೆ ತಿರುಗಿಸಿದವನು ಹೈದರಾಲಿ. 1781ರಲ್ಲಿ ಚಿದಂಬರದ ನೆರವಿಗೆ ಅವನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ದಾರಿ ಸವೆಸಿತು ಎಂಬುದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳೇ ಬೆರಗಾಗಿ ಹೇಳಿದ ಮಾತು. ಟಿಪ್ಪು ಇಂಗ್ಲಿಷ್ ಸೇನಾನಿ ಜನರಲ್ ಮೆಡೋಸ್‌ನ ಕಣ್ಣೆದುರಿನಲ್ಲೇ ಎರಡು ದಿನಕ್ಕೆ 63 ಮೈಲಿ ನಡೆದ. ಇಲಾಖೆಗೆ ಅಮೃತ ಮಹಲ್ ಎಂಬ ಹೆಸರು ಕೊಟ್ಟವನೂ ಅವನೇ. ಹಿಂಡನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಹುಕುಂನಾಮೆಯನ್ನೇ ಹೊರಡಿಸಿದ.

ಆ ಹುಕುಂನಾಮೆಯನ್ನು ಇಂಗ್ಲಿಷರು ಬಿಸಾಡಲಿಲ್ಲ. ಗೆದ್ದವರು ಸೋತವನ ಪದ್ಧತಿಯನ್ನು ಹಾಗೇ ಇಟ್ಟುಕೊಂಡು ನಡೆಸಿದ್ದು ಅದರ ಗುಣಕ್ಕೆ ಸಿಕ್ಕ ದೊಡ್ಡ ಸಾಕ್ಷಿ.

ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆಗ ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್. 1800ರಲ್ಲಿ ಬಂಡೆದ್ದ ಧೋಂಡಿಯ ವಾಘನನ್ನು ತುಂಗಭದ್ರೆ, ಮಲಪ್ರಭೆಗಳ ಆಚೆಗೂ ಅಟ್ಟಿಸಿಕೊಂಡು ಹೋದಾಗ, 1803ರಲ್ಲಿ ಮರಾಠರ ಮೇಲೆ ಅಸ್ಸಾಯೆಯವರೆಗೆ ನಡೆದಾಗ, ಅವನ ಫಿರಂಗಿ ಎಳೆದದ್ದು ಮೈಸೂರಿನ ಎತ್ತು. ವರ್ಷಗಳ ಮೇಲೆ ಸ್ಪೇನ್, ಪೋರ್ಚುಗಲ್‌ನ ಗುಡ್ಡಗಳಲ್ಲಿ ಫ್ರೆಂಚರ ವಿರುದ್ಧ ಹೋರಾಡುವಾಗ, ಆ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಅವನು ಹಂಬಲಿಸಿದ. ಯುರೋಪಿನ ಭವಿಷ್ಯ ನಿರ್ಧರಿಸಿದ ಸೇನಾನಿಯೊಬ್ಬ ನಮ್ಮ ಕಾವಲಿನ ರಾಸನ್ನು ನೆನೆದದ್ದನ್ನು ತುಮಕೂರಿನ ಪ್ರತಿ ಶಾಲೆಯ ಮಗುವಿಗೂ ಹೇಳಬೇಕು.

ಹಿಂಡಿನ ದಿನಚರಿ ಋತುವಿನೊಂದಿಗೆ ಸಾಗುತ್ತಿತ್ತು. ಕಾವಲುಗಳಲ್ಲಿ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಎಂದು ಮೂರು ವಿಧ. ಮಳೆ ಬಿದ್ದು ಹಸಿರೆದ್ದ ಕಡೆ ಕೆಲವು ತಿಂಗಳು, ಹುಲ್ಲು ಬಲಿತು ನಿಂತ ಕಡೆ ಕೆಲವು ತಿಂಗಳು, ಬಿಸಿಲಿಗೆ ನೆರಳೂ ನೀರೂ ಇರುವ ಕೆರೆಯಂಗಳದ ಕಡೆ ಕೆಲವು ತಿಂಗಳು ಹಿಂಡು ಇರುತ್ತಿತ್ತು. ಒಂದೇ ನೆಲವನ್ನು ವರ್ಷವಿಡೀ ಮೇಯಿಸುತ್ತಿರಲಿಲ್ಲವಾದ್ದರಿಂದ ಹುಲ್ಲು ಬೀಜ ಉದುರಿಸುವಷ್ಟು ಬಿಡುವು ಅದಕ್ಕೂ ಸಿಗುತ್ತಿತ್ತು. ಹಿಂಡಿನ ಮೇಲೆ ಸೇರ್ವೆಗಾರ, ಅವನ ಮೇಲೆ ದಾರೋಗ. ಕೈತಿಂಡಿ, ಕೊಟ್ಟಿಗೆ ಎರಡೂ ಇಲ್ಲದೆ ಬಯಲಲ್ಲೇ ಬೆಳೆದ ಆ ದನ ಅರ್ಧ ಕಾಡುಪ್ರಾಣಿ. ಅಪರಿಚಿತರು ಹತ್ತಿರ ಹೋದರೆ ಕೊಂಬು ತಗ್ಗಿಸಿ ಬರುವಂಥದ್ದು. ತನ್ನ ಸೇರ್ವೆಗಾರನ ದನಿಗೆ ಮಾತ್ರ ಬಗ್ಗುತ್ತಿತ್ತು.

ಮೂರು ವರ್ಷ ತುಂಬಿದ ಗಂಡುಗರುಗಳನ್ನು ಹಿಂಡಿನಿಂದ ಬೇರ್ಪಡಿಸುತ್ತಿದ್ದರು. ಹಗ್ಗ ಕಾಣದ ಹೋರಿಗಳನ್ನು ದೊಡ್ಡಿಗೆ ನುಗ್ಗಿಸಿ, ಕುಣಿಕೆ ಎಸೆದು, ಮೂಗುದಾರ ಹಾಕಿ, ಪಳಗಿದ ಎತ್ತಿನ ಜೊತೆ ಕೊರಳು ಕಟ್ಟಿ ನಡೆಸುವುದು ಜೀವದ ಮೇಲಿನ ಆಸೆ ಬಿಟ್ಟು ಮಾಡುವ ಕೆಲಸ. ಪಳಗಿದ ಮೇಲೆ ಹುಣಸೂರಿನ ಡಿಪೊಗೆ ಕಳಿಸಿ ಅಲ್ಲಿ ನೊಗ, ಫಿರಂಗಿ ಬಂಡಿ, ಗುಂಡಿನ ಸದ್ದು ಎಲ್ಲಕ್ಕೂ ಒಗ್ಗಿಸುತ್ತಿದ್ದರು. ಐದನೆಯ ವರ್ಷಕ್ಕೆ ಎತ್ತು ಚಾಕರಿಗೆ ಸಿದ್ಧ. ಏಳರಿಂದ ಹನ್ನೆರಡು ವರ್ಷದವರೆಗೆ ಅದರ ಪೂರ್ಣ ಕಸುವಿನ ಕಾಲ. ಅಂದರೆ ಇವತ್ತು ಹುಟ್ಟಿದ ಕರುವಿನಿಂದ ಫಿರಂಗಿ ಎಳೆಸಲು ಸರ್ಕಾರ ಐದರಿಂದ ಏಳು ವರ್ಷ ಮುಂದಾಲೋಚನೆ ಮಾಡಬೇಕು. ಈ ಲೆಕ್ಕ ತಪ್ಪಿದಾಗಲೆಲ್ಲ ಇಲಾಖೆ ಮುಗ್ಗರಿಸಿದೆ.

ಮೊದಲ ಸಲ ಮುಗ್ಗರಿಸಿದ್ದು 1799ರಲ್ಲಿ ಟಿಪ್ಪು ಸತ್ತ ನಂತರ. ಹಿಂಡುಗಳನ್ನು ಮೈಸೂರು ಸರ್ಕಾರದ ಸುಪರ್ದಿಗೆ ಬಿಟ್ಟು, ವರ್ಷಕ್ಕಿಷ್ಟು ಎತ್ತು ಕೊಡಿ ಎಂದು ಈಸ್ಟ್ ಇಂಡಿಯಾ ಕಂಪನಿ ಕೈತೊಳೆದುಕೊಂಡಿತು. ಹಿಂಡು ಸೊರಗಿತು. 1813ರಲ್ಲಿ ಮದರಾಸು ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆ ಅದನ್ನು ವಹಿಸಿಕೊಂಡು ಮತ್ತೆ ಮೇಲೆತ್ತಿದ. 1842ರಲ್ಲಿ ಇಲ್ಲಿಂದ ಹೋದ 230 ಎತ್ತುಗಳು ಆಫ್ಘಾನಿಸ್ತಾನದ ದಂಡಯಾತ್ರೆಯಲ್ಲಿ ಹೆಸರು ಮಾಡಿದವು. ತುಮಕೂರು ಸೀಮೆಯ ಬಿಸಿಲಿಗೆ ಹುಟ್ಟಿದ ತಳಿ ಆ ಚಳಿಯಲ್ಲೂ ಬೇರೆ ತಳಿಗಳಿಗಿಂತ ಮುಂದಿತ್ತು.

ಎರಡನೆಯದು 1860ರಲ್ಲಿ. ಖರ್ಚು ಕಡಿಮೆ ಮಾಡುವ ಭರದಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಇಲಾಖೆಯನ್ನೇ ಮುಚ್ಚಿಸಿ ಹಿಂಡುಗಳನ್ನು ಹರಾಜು ಹಾಕಿಸಿದ. ಸೈನ್ಯಕ್ಕೆ ಬೇಕಾದಾಗ ಪೇಟೆಯಲ್ಲಿ ಕೊಂಡರಾಯಿತು ಎಂಬುದು ಲೆಕ್ಕ. ಪೇಟೆಯಲ್ಲಿ ಅಂಥ ಎತ್ತು ಸಿಗಲಿಲ್ಲ. ಸಿಕ್ಕಿದ್ದಕ್ಕೆ ಬೆಲೆ ಏರಿತು. 1866ರಲ್ಲಿ, ಮಾರಿದ ದನದ ಸಂತತಿಯನ್ನೇ ಹುಡುಕಿ ಕೊಂಡುತಂದು ಇಲಾಖೆಯನ್ನು ಮತ್ತೆ ಶುರುಮಾಡಬೇಕಾಯಿತು. ಶತಮಾನಗಳಲ್ಲಿ ಕೂಡಿಟ್ಟದ್ದನ್ನು ಒಂದು ಆಜ್ಞೆಯಲ್ಲಿ ಚೆದುರಿಸಿ, ಆರು ವರ್ಷದಲ್ಲಿ ಪಶ್ಚಾತ್ತಾಪಪಟ್ಟ ಈ ಕತೆ ಇವತ್ತಿನ ಆಡಳಿತಗಾರರ ಮೇಜಿನ ಮೇಲೆ ಇರಬೇಕಾದದ್ದು.

1880ರ ದಶಕದ ಆರಂಭದಲ್ಲಿ ಇಲಾಖೆ ಮೈಸೂರು ಸರ್ಕಾರದ ಪಾಲಿಗೆ ಬಂತು. ಆ ದಶಕದಲ್ಲೇ ಬೆಂಗಳೂರಿನಿಂದ ತುಮಕೂರು, ಗುಬ್ಬಿ ದಾಟಿ ರೈಲು ಸಾಗಿತು. 1889ಕ್ಕೆ ಹರಿಹರ ಮುಟ್ಟಿತು. ಫಿರಂಗಿ ರೈಲು ಹತ್ತಿದ ಮೇಲೆ ಎತ್ತಿನ ಕೆಲಸ ಇಳಿಯುತ್ತಾ ಹೋಯಿತು. ಆದರೂ 1923ರವರೆಗೆ ಅಮೃತ ಮಹಲ್ ಮಿಲಿಟರಿ ಇಲಾಖೆಯ ಕೆಳಗೇ ಇತ್ತು. ಆ ವರ್ಷ ಅದನ್ನು ಕೃಷಿ ಇಲಾಖೆಗೆ ವಹಿಸಿದರು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು. ಅದು ಇವತ್ತಿಗೂ ಇದೆ. ಬೀರೂರಿನಲ್ಲಿ ನಡೆಯುವ ಹೋರಿಕರುಗಳ ಹರಾಜಿಗೆ ಹಾವೇರಿ ಕಡೆಯ ರೈತರು ಈಗಲೂ ಲಾರಿ ಮಾಡಿಕೊಂಡು ಬರುತ್ತಾರೆ.

ಇನ್ನು ಕುಣಿಗಲ್‌ಗೆ ಬರೋಣ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ಊರಿನ ಬಳಿ ಬಿಳಿ ಬೇಲಿಯ ಹಿಂದೆ ಹಸಿರು ಪ್ಯಾಡಕ್‌ಗಳು ಕಾಣುತ್ತವೆ. ಜನ ಅದನ್ನು ಕುದುರೆ ಫಾರಂ ಎನ್ನುತ್ತಾರೆ. ಟಿಪ್ಪು ತನ್ನ ಅಶ್ವದಳಕ್ಕೆಂದು ಕಟ್ಟಿಸಿದ ಲಾಯ ಅದರ ಬೇರು. ಅವನು ಕುದುರೆಗೆ ಇಷ್ಟು ಮಹತ್ವ ಕೊಟ್ಟದ್ದಕ್ಕೆ ಕಾರಣವಿತ್ತು. ದಕ್ಷಿಣದ ರಾಜರು ವಿಜಯನಗರದ ಕಾಲದಿಂದಲೂ ಕುದುರೆಗಾಗಿ ಸಮುದ್ರದಾಚೆಯ ಅರಬ್ಬರನ್ನು, ಆಮೇಲೆ ಪೋರ್ಚುಗೀಸರನ್ನು ಅವಲಂಬಿಸಿದ್ದರು. ಕರಾವಳಿ ಕೈತಪ್ಪಿದರೆ ಕುದುರೆಯೂ ಕೈತಪ್ಪಿದಂತೆ. ಒಳನಾಡಿನಲ್ಲೇ ಕುದುರೆ ಹುಟ್ಟಿಸಬೇಕು ಎಂಬ ಯೋಚನೆ ಅಲ್ಲಿಂದ ಬಂದದ್ದು. ಕುಣಿಗಲ್‌ನ ದೊಡ್ಡ ಕೆರೆ, ಜನಪದ ಹಾಡಿನಲ್ಲಿ ನಾಡಿಗೆಲ್ಲ ಗೊತ್ತಾದ ಆ ಕೆರೆ, ನೀರಿನ ಭರವಸೆ ಕೊಟ್ಟಿತು. ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ಊರು ದೂರವಿರಲಿಲ್ಲ.

ಟಿಪ್ಪುವಿನ ನಂತರ ಕುದುರೆಯ ಅಗತ್ಯ ಬೇರೆ ರೂಪ ತಾಳಿತು. 1807ರಲ್ಲಿ ಕಂಪನಿಯೊಂದಿಗೆ ಆದ ಒಪ್ಪಂದದ ಪ್ರಕಾರ ಮೈಸೂರು 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕಾಗಿತ್ತು. ಇವರೇ ಸಿಲ್ಲೇದಾರರು. ಸಿಲ್ಲೇದಾರ ತನ್ನ ಕುದುರೆಯನ್ನು ತಾನೇ ತರಬೇಕು. ಕುದುರೆ ಸತ್ತರೆ ಅವನ ಬದುಕೇ ಮುಗ್ಗರಿಸಿತು. ಇನ್ನೊಬ್ಬರ ಕುದುರೆ ಏರುವವನು ಬಾರ್ಗೀರ. ಇಂಥ ಪದ್ಧತಿಯಲ್ಲಿ ಒಳ್ಳೆಯ ಕುದುರೆ ಕೈಗೆಟುಕುವ ಬೆಲೆಗೆ ಸಿಗದಿದ್ದರೆ ಅಶ್ವದಳವೇ ಕುಸಿಯುತ್ತದೆ. ಸರ್ಕಾರಿ ಕುದುರೆ ಸಾಕಣೆ ಉಳಿದದ್ದು ಈ ಒತ್ತಡದಿಂದ. ಕುಣಿಗಲ್‌ನ ಫಾರಂ ಸಿಲ್ಲೇದಾರರಿಗೆ ಕುದುರೆ ಒದಗಿಸುವ ಸಂಸ್ಥೆಯಾಗಿ ಮುಂದುವರಿಯಿತು.

ಅಷ್ಟರಲ್ಲಿ ಮದರಾಸಿನ ಬಂದರಿಗೆ ಆಸ್ಟ್ರೇಲಿಯದಿಂದ ಹಡಗುಗಟ್ಟಲೆ ಕುದುರೆ ಬರತೊಡಗಿದವು. ನ್ಯೂ ಸೌತ್ ವೇಲ್ಸ್‌ನವಾದ್ದರಿಂದ ವೇಲರ್ ಎಂದೇ ಅವುಗಳಿಗೆ ಹೆಸರಾಯಿತು. ಎತ್ತರದ, ತಾಳಿಕೆಯ ಕುದುರೆಗಳು. ಬ್ರಿಟಿಷ್ ಸೈನ್ಯ ಅವುಗಳ ಕಡೆ ಒಲಿದ ಮೇಲೆ ದೇಶದ ತಳಿ ಸಾಕಣೆಗಳು ಹಿಂದೆ ಬಿದ್ದವು. 1892ರಲ್ಲಿ ಸಿಲ್ಲೇದಾರ ಬಾರ್ಗೀರರನ್ನು ಪುನರ್ರಚಿಸಿ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಕಟ್ಟಲಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಇದೇ ಮೈಸೂರು ಸವಾರರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದರು. ಮಷೀನ್ ಗನ್ನುಗಳ ಎದುರು ಭರ್ಜಿ ಹಿಡಿದು ಕಾರ್ಮೆಲ್ ಬೆಟ್ಟ ಹತ್ತಿದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಆ ದಳದ ಸ್ಮಾರಕವಿದೆ. ಸಿಲ್ಲೇದಾರನಿಂದ ಹೈಫಾದವರೆಗಿನ ಈ ಪರಂಪರೆಗೆ ನಮ್ಮ ಜಿಲ್ಲೆಯಲ್ಲಿ ಉಳಿದಿರುವ ಜೀವಂತ ಗುರುತು ಕುಣಿಗಲ್ ಫಾರಂ ಒಂದೇ.

ಸ್ವಾತಂತ್ರ್ಯದ ನಂತರ ಫಾರಂ ರಾಜ್ಯದ ಪಶುಸಂಗೋಪನಾ ಇಲಾಖೆಗೆ ಸೇರಿತು. 1992ರಲ್ಲಿ ಯುಬಿ ಸಮೂಹದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ 30 ವರ್ಷದ ಗುತ್ತಿಗೆಗೆ ಹೋಯಿತು. ಯುದ್ಧದ ಕುದುರೆ ಹುಟ್ಟುತ್ತಿದ್ದ ಲಾಯದಲ್ಲಿ ರೇಸಿನ ಥರೋಬ್ರೆಡ್ ಹುಟ್ಟತೊಡಗಿದವು. ಬಳಕೆ ಬದಲಾದರೂ ವಿದ್ಯೆ ಉಳಿಯಿತು ಎಂಬುದು ನನಗೆ ಮುಖ್ಯ. ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಹನ್ನೊಂದು ತಿಂಗಳ ಗಬ್ಬ, ರಾತ್ರಿ ಹೊತ್ತಿನ ಹೆರಿಗೆ, ಗಂಟೆಯೊಳಗೆ ಎದ್ದು ನಿಲ್ಲಬೇಕಾದ ಮರಿ. ಇದನ್ನೆಲ್ಲ ನೋಡಿಕೊಳ್ಳುವ ಸೈಸ್‌ಗಳ ಮನೆತನಗಳು ಪುಸ್ತಕದಿಂದ ಕಲಿತದ್ದಲ್ಲ, ಅಪ್ಪನ ಬೆನ್ನ ಹಿಂದೆ ನಿಂತು ಕಲಿತದ್ದು.

ಗುತ್ತಿಗೆಯ ಅವಧಿ 2022ಕ್ಕೆ ಮುಗಿದಿದೆ. 400 ಎಕರೆಗೂ ಹೆಚ್ಚಿರುವ ಆ ನೆಲದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಸರ್ಕಾರದ ಮುಂದೆ ಬಂದಿದೆ, ಅದಕ್ಕೆ ವಿರೋಧವೂ ಎದ್ದಿದೆ. ಬೆಂಗಳೂರಿಗೆ ಎಪ್ಪತ್ತು ಕಿ.ಮೀ. ದೂರದಲ್ಲಿ, ಹೆದ್ದಾರಿಯ ಪಕ್ಕದ ಅಷ್ಟು ದೊಡ್ಡ ನೆಲದ ಮೇಲೆ ಎಲ್ಲರ ಕಣ್ಣು ಬೀಳುವುದು ಸಹಜ. ಮನೆ ಕಟ್ಟಲು ಕುಣಿಗಲ್ ತಾಲ್ಲೂಕಿನಲ್ಲಿ ಬೇರೆ ನೆಲವಿದೆ. ಎರಡು ಶತಮಾನ ದಾಟಿದ ಕುದುರೆ ಫಾರಂ ಇಡೀ ದೇಶದಲ್ಲೇ ಎಷ್ಟಿದ್ದಾವು?

ಕಾವಲುಗಳ ಪಾಡು ಇದಕ್ಕಿಂತ ಕಷ್ಟದ್ದು. ಒಂದು ಕಾಲಕ್ಕೆ ಮೈಸೂರು ಸೀಮೆಯಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಹರಡಿದ್ದ ಅಮೃತ ಮಹಲ್ ಕಾವಲುಗಳು ತುಂಡು ತುಂಡಾಗಿ ಕರಗಿವೆ. ಒಂದಷ್ಟು ಸಾಗುವಳಿಗೆ, ಒಂದಷ್ಟು ನೀಲಗಿರಿ ನೆಡುತೋಪಿಗೆ, ಒಂದಷ್ಟು ಕಲ್ಲುಕ್ವಾರಿಗೆ. ವಿಚಿತ್ರವೆಂದರೆ ಸೈನ್ಯಕ್ಕಾಗಿ ಮೀಸಲಿಟ್ಟ ಹುಲ್ಲು ಮತ್ತೆ ಸೈನ್ಯದ ಕಡೆಗೇ ಹೋಗುತ್ತಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ಡಿಆರ್‌ಡಿಒ, ಇಸ್ರೊ, ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿಹೋಯಿತು. ದನ, ಕುರಿ ಮೇಯಿಸಿ ಬದುಕುತ್ತಿದ್ದ ದೊಡ್ಡ ಉಳ್ಳಾರ್ತಿ, ಖುದಾಪುರದಂಥ ಊರುಗಳ ಜನ ಬೇಲಿಯ ಹೊರಗುಳಿದರು, ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಈಗ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2016ರ ಜನವರಿ 3ರಂದು ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ, 615 ಎಕರೆ. ಮೊದಲಿಗೆ ವರ್ಷಕ್ಕೆ 30 ಹಗುರ ಹೆಲಿಕಾಪ್ಟರ್ ತಯಾರಿಸುವ ಗುರಿ, ಮುಂದೆ ಅದನ್ನು 60ಕ್ಕೆ, 90ಕ್ಕೆ ಏರಿಸುವ ಯೋಜನೆ. ಹಿಮಾಲಯದ ಎತ್ತರದ ಠಾಣೆಗಳಿಗೆ ಸಾಮಾನು, ಸಿಪಾಯಿ ಸಾಗಿಸುವುದು ಈ ಹೆಲಿಕಾಪ್ಟರಿನ ಕೆಲಸ. 1842ರಲ್ಲಿ ಆಫ್ಘಾನಿಸ್ತಾನದ ಗುಡ್ಡಗಳಲ್ಲಿ 230 ಎತ್ತು ಮಾಡಿದ್ದೂ ಅದನ್ನೇ. ನಾನು ಆ ಕಾರ್ಖಾನೆಯ ವಿರೋಧಿಯಲ್ಲ. ಗುಬ್ಬಿಯ, ನಿಟ್ಟೂರಿನ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ ಸಿಗಲಿ, ಆ ಯಂತ್ರ ನಮ್ಮ ಸೈನಿಕರ ಜೀವ ಉಳಿಸಲಿ. ಇನ್ನು ಉಳಿದ ಕಾವಲನ್ನು ಖಾಲಿ ಜಾಗ ಎಂದು ಕಡತದಲ್ಲಿ ಬರೆಯುವ ಅಭ್ಯಾಸ ಮಾತ್ರ ನಿಲ್ಲಬೇಕು.

ಹುಲ್ಲುಗಾವಲಿನಲ್ಲಿ ಮರವಿಲ್ಲ ಎಂಬ ಕಾರಣಕ್ಕೆ ಅದನ್ನು ಪಾಳುಬಿದ್ದ ನೆಲ ಎಂದು ತಿಳಿಯುವುದು ತಪ್ಪು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲು ಉಳಿದದ್ದರಿಂದಲೇ ಕೃಷ್ಣಮೃಗಗಳು ಉಳಿದವು. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳ ಕುರಿಗೆ, ದನಕ್ಕೆ ಬೇಸಿಗೆಯಲ್ಲಿ ದಿಕ್ಕು ಈ ಬಯಲೇ. ಶಿವರಾತ್ರಿಯ ಆಸುಪಾಸಿನಲ್ಲಿ ತುಮಕೂರಿನ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದರೆ ಹಳ್ಳಿಕಾರ್ ಜೋಡಿಗಳ ಮುಂದೆ ಜನ ಮುಗಿಬೀಳುವುದನ್ನು ಕಾಣಬಹುದು. ಅಮೃತ ಮಹಲ್ ತಳಿಯ ಮೂಲ ರಕ್ತವೇ ಹಳ್ಳಿಕಾರ್. ಆ ಮೈಕಟ್ಟು, ಹಿಂದಕ್ಕೆ ಬಾಗಿದ ಆ ಉದ್ದ ಕೊಂಬು, ಆ ಚುರುಕು ಕೊಟ್ಟಿಗೆಯಲ್ಲಿ ಮಾತ್ರ ಬೆಳೆದದ್ದಲ್ಲ. ಬಯಲಲ್ಲಿ ಅಲೆದು ಬಂದ ತಲೆಮಾರುಗಳಿಂದ ಇಳಿದುಬಂದದ್ದು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕುಣಿಗಲ್ ಫಾರಂ ಅನ್ನು ಪಾರಂಪರಿಕ ತಾಣವೆಂದು ಘೋಷಿಸಿ, ಅಲ್ಲಿ ಕುದುರೆ ಸಾಕಣೆಯೇ ಮುಂದುವರಿಯಬೇಕೆಂಬ ಷರತ್ತನ್ನು ಸರ್ಕಾರ ಹಾಕಲಿ. ಹೊಸ ಗುತ್ತಿಗೆ ಯಾರಿಗೇ ಹೋದರೂ ಆ ಷರತ್ತು ಬಿಡದಿರಲಿ. ಫಾರಂನ ಒಂದು ಮೂಲೆಯಲ್ಲಿ ಸಿಲ್ಲೇದಾರರ, ಮೈಸೂರು ಸವಾರರ, ಅಮೃತ ಮಹಲಿನ ಕತೆ ಹೇಳುವ ವಸ್ತುಸಂಗ್ರಹಾಲಯವಾಗಲಿ. ತುಮಕೂರು ಜಿಲ್ಲಾಡಳಿತ ತಾಲ್ಲೂಕುವಾರು ಉಳಿದಿರುವ ಕಾವಲುಗಳ ಸರ್ವೆ ನಂಬರು, ವಿಸ್ತೀರ್ಣ, ಒತ್ತುವರಿಯ ವಿವರವನ್ನು ಜನರ ಮುಂದಿಡಲಿ. ನಿಮ್ಮೂರಿನ ಹೆಸರಿನಲ್ಲಿ ಕಾವಲು ಎಂಬ ಮಾತಿದ್ದರೆ ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿ ಹಳೆಯ ಪಹಣಿ ತೆಗೆಸಿ ನೋಡಿ. ಅದು ಅಮೃತ ಮಹಲಿನ ನೆಲವಾಗಿದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಹುಲ್ಲಾಗಿಯೇ ಉಳಿಸಿ ಎಂದು ಕೇಳಿ.